ಮುದ್ದೆ ನುಂಗುವ ಬಾಯಿಗೆ ಮೊಚಿ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ತುಮಕೂರು ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಮುರಿ, ಸಾರಿನಲ್ಲಿ ಹೊರಳಿಸು, ಬಾಯಿಗಿಡು, ಗುಳುಂ. ಅಷ್ಟೇ. ಈ ಅಭ್ಯಾಸ ಒಂದು ದಿನ ಟೋಕಿಯೋದಲ್ಲಿ, ಅದೂ ಇಪ್ಪತ್ತು ಮಕ್ಕಳ ಮುಂದೆ, ನನ್ನ ಮಾನ ಕಳೆಯುತ್ತದೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ನಾವಿರುವುದು ನಿಶಿ-ಕಾಸಾಯ್‌ನಲ್ಲಿ. ಎದೊಗಾವಾ ವಾರ್ಡಿನ ಈ ಬಡಾವಣೆಯಲ್ಲಿ ನಮ್ಮ ದೇಶದವರು ಜಾಸ್ತಿ. ತೊಗರಿಬೇಳೆ, ಕರಿಬೇವು, ರಾಗಿ ಹಿಟ್ಟು ಎಲ್ಲ ಸಿಗುತ್ತದೆ. ಹಾಗಾಗಿ ಬಂದು ನಾಲ್ಕು ವರ್ಷವಾದರೂ ಜಪಾನಿ ಅಡುಗೆಯ ಗೋಜಿಗೆ ನಾನು ಹೋಗಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಮೀನು, ಮಾಂಸ ತಿನ್ನುವುದಿಲ್ಲ. ಇಲ್ಲಿ ಬರೀ ತರಕಾರಿಯಂತೆ ಕಾಣುವ ಸಾರಿನಲ್ಲೂ ಮೀನಿನ ದಾಶಿ, ಅಂದರೆ ಮೀನು ಕುದಿಸಿ ತೆಗೆದ ರಸ ಇರುತ್ತದೆ. ಕೇಳಿ ಕೇಳಿ ಸಾಕಾಗಿ, ಮನೆ ಊಟವೇ ವಾಸಿ ಅಂತ ಸುಮ್ಮನಾಗಿದ್ದೆ.

ಡಿಸೆಂಬರ್ ಕೊನೆಯಲ್ಲಿ ಮಗಳ ಶಿಶುವಿಹಾರದಲ್ಲಿ ಮೊಚಿತ್ಸುಕಿ ಇತ್ತು. ಹೊಸ ವರ್ಷಕ್ಕೆ ಮೊಚಿ ಕುಟ್ಟುವ ದಿನ. ಮೊಚಿ ಅಂದರೆ ಬೇಯಿಸಿದ ಅಕ್ಕಿಯನ್ನು ಕುಟ್ಟಿ ಮಾಡುವ ಮೆತ್ತನೆಯ ಉಂಡೆ. ಹಳೆಯ ಕಾಲದವರು 28ಕ್ಕೆ ಕುಟ್ಟುತ್ತಾರಂತೆ, 29ಕ್ಕೆ ಬೇಡ ಅನ್ನುತ್ತಾರೆ. ಒಂಬತ್ತಕ್ಕೆ ಜಪಾನಿಯಲ್ಲಿ ‘ಕು’. ಕಷ್ಟಕ್ಕೂ ‘ಕು’. ನಮ್ಮ ರಾಹುಕಾಲಕ್ಕೆ ಇಲ್ಲೂ ನೆಂಟರಿದ್ದಾರೆ ಅಂತ ನಗು ಬಂತು.

ಅಂಗಳದ ನಡುವೆ ದೊಡ್ಡ ಮರದ ಒರಳು. ಉಸು ಅನ್ನುತ್ತಾರೆ. ಕುಟ್ಟುವುದು ಕಿನೆಯಿಂದ. ಅದು ನಮ್ಮ ಒನಕೆಯ ಹಾಗೆ ನೆಟ್ಟಗಿಲ್ಲ, ಸುತ್ತಿಗೆಯ ಹಾಗೆ ಅಡ್ಡ ಹಿಡಿ ಇದೆ. ರಾತ್ರಿಯೆಲ್ಲ ನೆನೆದ ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಬಿಸಿಯಾಗಿ ಒರಳಿಗೆ ಸುರಿದರು. ಸುರಿದ ಕೂಡಲೇ ಕುಟ್ಟಲಿಲ್ಲ. ಮೊದಲು ಕಿನೆಯಲ್ಲಿ ಒತ್ತಿ ಒತ್ತಿ ಅನ್ನ ಅರೆದರು. ಹಾಗೆ ಮಾಡದಿದ್ದರೆ ಅಗುಳು ಸಿಡಿಯುತ್ತದಂತೆ. ಆಮೇಲೆ ಒಬ್ಬರು ಕುಟ್ಟೋದು, ಇನ್ನೊಬ್ಬರು ಎರಡು ಪೆಟ್ಟಿನ ನಡುವೆ ಒದ್ದೆ ಕೈ ಹಾಕಿ ಮಡಚೋದು. ಮಕ್ಕಳೆಲ್ಲ ‘ಯೊಯ್ಶೋ, ಯೊಯ್ಶೋ’ ಅಂತ ಕೂಗುತ್ತಿದ್ದರು. ಆ ಒದ್ದೆ ಕೈ ನೋಡಿ ನನಗೆ ನಮ್ಮಜ್ಜಿ ಮುದ್ದೆ ಕಟ್ಟುವುದು ನೆನಪಾಯಿತು. ಅದೇ ಕೈ, ಅದೇ ಬಿಸಿ, ಅದೇ ಅವಸರ.

ತಟ್ಟೆಯಲ್ಲಿ ಕೊಟ್ಟರು. ಮೇಲೆ ಕಿನಾಕೊ, ಅಂದರೆ ಹುರಿದ ಸೋಯಾ ಕಾಳಿನ ಪುಡಿ. ವಾಸನೆ ಹೆಚ್ಚೂಕಡಿಮೆ ಹುರಿಗಡಲೆ ಪುಡಿಯದೇ. ನೋಡಲು ಬೆಳ್ಳಗಿನ ಪುಟ್ಟ ಮುದ್ದೆ. ಕೈಗೆ ಹಳೆಯ ನೆನಪು ಬಂತು, ಬಾಯಿಗೂ ಬಂತು. ಗುಳುಂ ಅನ್ನಿಸಿದೆ.

ಇಳಿಯಲಿಲ್ಲ. ಕಣ್ಣಲ್ಲಿ ನೀರು. ಟೀಚರ್ ಓಡಿ ಬಂದು ಬೆನ್ನಿಗೆ ನಾಲ್ಕು ಗುದ್ದಿದರು. ಕೆಮ್ಮಿ ಕೆಮ್ಮಿ ಹೊರಗೆ ಬಂತು. ಆಮೇಲೆ ಅವರು ಟೀ ಕೊಟ್ಟು ಕೂರಿಸಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: ಚಿಕ್ಕದಾಗಿ ಕತ್ತರಿಸಬೇಕು, ಮೊದಲು ಗಂಟಲು ಒದ್ದೆ ಮಾಡಿಕೊಳ್ಳಬೇಕು, ಚೆನ್ನಾಗಿ ಅಗಿಯಬೇಕು. ಇದು ತಮಾಷೆಯ ಮಾತಲ್ಲ. ಹೊಸ ವರ್ಷದ ದಿನಗಳಲ್ಲಿ ಮೊಚಿ ಗಂಟಲಿಗೆ ಸಿಕ್ಕಿ ವಯಸ್ಸಾದವರು ಸಾಯುವುದೂ ಉಂಟು. ಟೋಕಿಯೋ ಅಗ್ನಿಶಾಮಕ ಇಲಾಖೆ ಪ್ರತಿ ವರ್ಷ ಎಚ್ಚರಿಕೆ ಕೊಡುತ್ತದೆ. ರಾಗಿ ಮುದ್ದೆ ನಾಲಿಗೆಗೆ ಅಂಟದೆ ಜಾರುತ್ತದೆ. ಮೊಚಿ ಜಾರುವುದಿಲ್ಲ, ಹಿಡಿದುಕೊಳ್ಳುತ್ತದೆ.

“ಅಮ್ಮ ಮೊಚಿ ನುಂಗಿಬಿಟ್ಟಳು!” ಅಂತ ಮಗಳು ವಾರವಿಡೀ ಸಿಕ್ಕವರಿಗೆಲ್ಲ ಹೇಳಿದಳು. ಕೆಳಗಿನ ಮನೆಯ ಅಜ್ಜಿಗೂ ಹೇಳಿದಳು. ಅದು ಆಮೇಲೆ ಅನುಕೂಲಕ್ಕೇ ಬಂತು.

ಜನವರಿಯಲ್ಲಿ ಸ್ಟ್ರಾಬೆರಿ ಕಾಲ. ಅಂಗಡಿಗಳಲ್ಲಿ ಇಚಿಗೊ ದೈಫುಕು ಸಾಲಾಗಿ ಕೂತಿತ್ತು. ಒಂದು ಇಡೀ ಸ್ಟ್ರಾಬೆರಿ, ಅದರ ಸುತ್ತ ಸಿಹಿ ಕಾಳಿನ ಹೂರಣ, ಅದರ ಮೇಲೆ ತೆಳ್ಳನೆಯ ಮೊಚಿ. ಹೂರಣದ ದೈಫುಕು ಎದೋ ಕಾಲದ್ದು (1603–1868), ಸ್ಟ್ರಾಬೆರಿ ಸೇರಿದ್ದು ಮಾತ್ರ 1980ರ ದಶಕದಲ್ಲಿ. ಮಗಳಿಗೆ ಅದು ದಿನಾ ಬೇಕು. ಒಂದಕ್ಕೆ 300 ಯೆನ್ ಹತ್ತಿರ ಅಂದರೆ ದಿನಾ ಯಾರು ಕೊಡುತ್ತಾರೆ? ಪೊಟ್ಟಣದ ಹಿಂದೆ ಅಂಟಿಸಿದ್ದ ಚೀಟಿಯನ್ನು ಫೋನ್ ಹಿಡಿದು ಓದಿದೆ. ಅಕ್ಕಿ ಹಿಟ್ಟು, ಕಾಳು, ಸಕ್ಕರೆ, ಹಣ್ಣು. ಮೊಟ್ಟೆ ಇಲ್ಲ, ಹಾಲಿಲ್ಲ, ಮೀನಂತೂ ಇಲ್ಲವೇ ಇಲ್ಲ. ನಾಲ್ಕು ವರ್ಷ ನಾನು ಏನನ್ನು ಬಿಟ್ಟು ಕೂತಿದ್ದೆ ಅಂತ ಅವತ್ತು ಗೊತ್ತಾಯಿತು.

ಅಕ್ಕಿ ಹಿಟ್ಟು ತಾನೇ? ನಮ್ಮ ಅಂಗಡಿಯಿಂದ ತಂದದ್ದು ಮನೆಯಲ್ಲೇ ಇತ್ತು. ಕಡುಬಿಗೆ ಮಾಡುವ ಹಾಗೆ ನೀರು ಕುದಿಸಿ, ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ ಹಾಕಿ ಹಿಟ್ಟು ಉಕ್ಕರಿಸಿದೆ. ಚೆನ್ನಾಗಿ ನಾದಿ, ಹೂರಣ ತುಂಬಿ, ಉಂಡೆ ಮಾಡಿದೆ. ಬೆಳ್ಳಗೆ ದುಂಡಗೆ ಚೆನ್ನಾಗೇ ಇತ್ತು. ಮಗಳು ಒಂದು ತುತ್ತು ಕಚ್ಚಿ ಹೇಳಿದಳು: “ಇದು ದೈಫುಕು ಅಲ್ಲ. ಇದು ಗಣೇಶನ ಹಬ್ಬದ್ದು.”

ಅವಳು ಹೇಳಿದ್ದು ಸರಿ. ಎಳೆದರೆ ಹಿಗ್ಗಬೇಕಾದ್ದು ಮುರಿಯುತ್ತಿತ್ತು. ಮರುದಿನ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ಸಿಕ್ಕಾಗ ಕೇಳಿದೆ. ನನ್ನ ಜಪಾನಿ ಅರ್ಧಂಬರ್ಧ, ಅವರದು ನಿಧಾನ. ಆದರೂ ತಿಳಿಯಿತು. ಇಲ್ಲಿ ಅಕ್ಕಿಯಲ್ಲಿ ಎರಡು ಜಾತಿ. ದಿನಾ ಅನ್ನಕ್ಕೆ ಉರುಚಿ, ಸಿಹಿಗೆ ಮೊಚಿಗೊಮೆ. ಮೊಚಿಗೊಮೆ ಅಂದರೆ ಅಂಟಕ್ಕಿ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಅಂತ ಎರಡು ಇರುತ್ತವೆ. ನಮ್ಮ ಸೋನಾ ಮಸೂರಿಯಲ್ಲಿ ಅಮೈಲೋಸ್ ಸಾಕಷ್ಟಿದೆ. ಅದಕ್ಕೇ ಅನ್ನ ಉದುರುದುರಾಗಿ ಬರುತ್ತದೆ. ಮೊಚಿಗೊಮೆಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಉಳಿದದ್ದೆಲ್ಲ ಕೊಂಬೆ ಕೊಂಬೆಯಾಗಿ ಹೆಣೆದುಕೊಂಡ ಅಮೈಲೋಪೆಕ್ಟಿನ್, ಅದೇ ಅಂಟಿನ ಮೂಲ. ಅಸ್ಸಾಮಿನ ಬೋರಾ ಅಕ್ಕಿಯೂ ಇದೇ ಥರದ್ದು. ನಮ್ಮ ಕಡೆ ಅನ್ನ ಅಂಟಿದರೆ ಬೈಸಿಕೊಳ್ಳಬೇಕು. ಇಲ್ಲಿ ಅಂಟಲೆಂದೇ ಬೆಳೆಯುತ್ತಾರೆ.

ಸೂಪರ್ ಮಾರ್ಕೆಟ್ಟಿಗೆ ಹೋದೆ. ಹಿಟ್ಟಿನ ಸಾಲಿನಲ್ಲಿ ಒಂದೇ ಥರದ ಬಿಳಿ ಪೊಟ್ಟಣಗಳು ನಾಲ್ಕು. ಅರ್ಧ ಗಂಟೆ ಅಲ್ಲೇ ನಿಂತೆ. ಜೋಶಿಂಕೊ ಅಂದರೆ ಊಟದ ಅಕ್ಕಿಯ ಹಿಟ್ಟು. ಅದು ಬೇಡ, ಮತ್ತೆ ಗಣೇಶನ ಹಬ್ಬವಾಗುತ್ತದೆ. ದಾಂಗೊಕೊ ಎರಡೂ ಬೆರೆಸಿದ್ದು. ಮೊಚಿಕೊ ಅಂಟಕ್ಕಿಯ ಹಿಟ್ಟು, ನುಣ್ಣಗಿರುತ್ತದೆ. ನಾಲ್ಕನೆಯದು ಶಿರಾತಾಮಾಕೊ. ಇದೂ ಅಂಟಕ್ಕಿಯದೇ, ಆದರೆ ನೋಡಲು ಹಿಟ್ಟಿನ ಹಾಗಿಲ್ಲ, ಒಡೆದ ಕಲ್ಲುಸಕ್ಕರೆಯ ಚೂರಿನ ಹಾಗಿದೆ. ಅಕ್ಕಿ ನೆನೆಸಿ, ನೀರು ಹಾಕಿ ರುಬ್ಬಿ, ಆ ಹಾಲನ್ನು ತಿಳಿಯಲು ಬಿಟ್ಟು, ತಳದಲ್ಲಿ ಕೂತದ್ದನ್ನು ಒಣಗಿಸುತ್ತಾರೆ. ಹಾಲುಬಾಯಿಗೆ ಅಕ್ಕಿ ರುಬ್ಬಿ ಹಾಲು ತೆಗೆದವರಿಗೆ ಇದರ ನುಣುಪು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಬೆಲೆ ಮೊಚಿಕೊಗಿಂತ ಜಾಸ್ತಿ. ಆದರೂ ದೈಫುಕುಗೆ ಅದೇ ಸರಿ, ನನ್ನ ಮಟ್ಟಿಗೆ ಅದರಲ್ಲಿ ಎರಡು ಮಾತಿಲ್ಲ. ಮೊಚಿಕೊದಲ್ಲೂ ಮಾಡಿ ನೋಡಿದ್ದೇನೆ, ಸ್ವಲ್ಪ ಬಿರುಸು.

ಇನ್ನು ಹೂರಣ. ಮೊದಲ ಸಲ ಡಬ್ಬಿಯದನ್ನು ತಂದಿದ್ದೆ, ಗಂಟಲು ಕಚ್ಚುವಷ್ಟು ಸಿಹಿ. ಈ ಸಲ ಅಜುಕಿ ಕಾಳು ತಂದೆ, 250 ಗ್ರಾಂ, ಹೊಕ್ಕೈಡೋದ ತೊಕಾಚಿಯದ್ದು. ನೋಡಲು ಕೆಂಪು ಅಲಸಂದೆಯ ತಮ್ಮನ ಹಾಗಿದೆ. ಒಬ್ಬಟ್ಟು ಮಾಡುವ ಮನೆಯಲ್ಲಿ ಹುಟ್ಟಿದವಳು ನಾನು, ಹೂರಣ ನನಗೆ ಯಾವ ಲೆಕ್ಕ? ಕಾಳು ಅರ್ಧ ಬೇಯುವಾಗಲೇ ಸಕ್ಕರೆ ಸುರಿದೆ. ಎರಡು ಗಂಟೆ ಕುದಿಸಿದರೂ ಕಾಳು ಹಲ್ಲಿಗೆ ಕಟಕ್ ಅನ್ನುತ್ತಿತ್ತು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಪಾತ್ರೆ ತೋರಿಸಿದೆ.

“ಸಕ್ರೆ ಯಾವಾಗ ಹಾಕ್ದೆ?”

“ಬೇಯ್ತಾ ಇರೋವಾಗ.”

“ಬೇಳೆ ಬೇಯೋಕೆ ಮುಂಚೆ ಯಾವತ್ತಾದ್ರೂ ಬೆಲ್ಲ ಹಾಕಿದ್ದು ನೋಡಿದ್ದೀಯೇನೆ? ದೇಶ ಬಿಟ್ಟು ಹೋದ ಮೇಲೆ ಬುದ್ಧಿನೂ ಇಲ್ಲೇ ಬಿಟ್ಟೋದ್ಯಾ?”

ಬೈಸಿಕೊಂಡ ಮೇಲೆ ಕೆಲಸ ಸರಿಹೋಯಿತು. ಅಜುಕಿಯನ್ನು ನೆನೆಸಬೇಕಿಲ್ಲ. ಒಂದು ಕುದಿ ಬಂದ ಮೇಲೆ ಆ ಕೆಂಪು ನೀರನ್ನು ಚೆಲ್ಲಿಬಿಡಬೇಕು, ಅದರಲ್ಲಿ ಒಗರು ಇರುತ್ತದೆ. ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿ ಒಂದು, ಒಂದೂವರೆ ಗಂಟೆ. ಹೆಬ್ಬೆರಳು, ಉಂಗುರದ ಬೆರಳಿನ ನಡುವೆ ಹಿಸುಕಿದರೆ ಪ್ರಯಾಸವಿಲ್ಲದೆ ನುರಿಯಬೇಕು. ಆಮೇಲೆ 200 ಗ್ರಾಂ ಸಕ್ಕರೆ, ಒಂದೇ ಸಲ ಅಲ್ಲ, ಮೂರು ಸಲ. ಕೊನೆಗೆ ಚಿಟಿಕೆ ಉಪ್ಪು. ಸೌಟಿನಿಂದ ತಳ ಕೆರೆದರೆ ಒಂದು ಗಳಿಗೆ ಗೆರೆ ನಿಲ್ಲಬೇಕು. ಒಬ್ಬಟ್ಟಿನ ಹೂರಣಕ್ಕೂ ಇದೇ ಹದ. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ, ಹಾಗಾಗಿ ಅಲ್ಲಿಗೇ ಇಳಿಸಿಬಿಡಬೇಕು. ಕಾಳು ಕಾಳಾಗಿ ಬಿಟ್ಟರೆ ತ್ಸುಬುಆನ್, ಸಿಪ್ಪೆ ಸೋಸಿ ನುಣ್ಣಗೆ ಮಾಡಿದರೆ ಕೊಶಿಆನ್. ಕೊಶಿಆನ್ ಮಾಡುವಷ್ಟು ತಾಳ್ಮೆ ನನಗಿಲ್ಲ. ಅರ್ಧಕ್ಕೆ ಒಂದು ಏಲಕ್ಕಿ ಪುಡಿ ಮಾಡಿ ಹಾಕಿದೆ. ಶುದ್ಧ ಜಪಾನಿ ರುಚಿ ಬೇಕೆನ್ನುವವರು ಮೂಗು ಮುರಿಯಲಿ, ನಮ್ಮನೆಯಲ್ಲಿ ಏಲಕ್ಕಿಯದೇ ಮೊದಲು ಖಾಲಿಯಾಯಿತು.

ಈಗ ಹೊರಗಿನ ಮೊಚಿ. ಒರಳೂ ಇಲ್ಲ, ಒನಕೆಯೂ ಇಲ್ಲ, ಮೈಕ್ರೋವೇವ್ ಇದೆ. 100 ಗ್ರಾಂ ಶಿರಾತಾಮಾಕೊಗೆ 150 ಮಿಲಿ ನೀರು. ನಾನು ಮೊದಲ ಸಲ ನೀರನ್ನು ಒಟ್ಟಿಗೇ ಸುರಿದು, ಗಂಟು ಒಡೆಯಲು ಹದಿನೈದು ನಿಮಿಷ ಒದ್ದಾಡಿದೆ. ಸ್ವಲ್ಪ ಸ್ವಲ್ಪವೇ ಹಾಕಿ ಬೆರಳಲ್ಲಿ ಉಜ್ಜಿದರೆ ಗಂಟು ತಾನೇ ಕರಗುತ್ತದೆ. ನಂತರ 50 ಗ್ರಾಂ ಸಕ್ಕರೆ. 600 ವಾಟ್‌ನಲ್ಲಿ ಎರಡು ನಿಮಿಷ ಇಟ್ಟು ತೆಗೆದರೆ ಅಂಚು ಬೆಂದಿರುತ್ತದೆ, ನಡುವೆ ಹಾಲಿನ ಹಾಗೇ ಇರುತ್ತದೆ. ಒದ್ದೆ ಮಾಡಿದ ಚಮಚದಲ್ಲಿ ಜೋರಾಗಿ ತಿರುಗಿಸಬೇಕು. ಮತ್ತೆ ಒಂದು ನಿಮಿಷ, ಮತ್ತೆ ತಿರುಗಿಸೋದು. ಮತ್ತೆ ಅರ್ಧ ನಿಮಿಷ. ಬೆಳ್ಳಗಿದ್ದದ್ದು ಗಾಜಿನ ಹಾಗಾಗುತ್ತದೆ. ಸಬ್ಬಕ್ಕಿ ಬೆಂದಾಗ ಒಂದು ಬಣ್ಣ ಬರುತ್ತದಲ್ಲ, ಅದೇ. ಎಲ್ಲೂ ಬಿಳಿ ಉಳಿಯಬಾರದು, ಉಳಿದರೆ ಹಸಿ ಹಿಟ್ಟಿನ ವಾಸನೆ.

ತಿರುಗಿಸುವಾಗ ರಟ್ಟೆ ನೋಯುತ್ತದೆ. ನನಗೆ ಮುದ್ದೆ ಕೋಲು ಬೇಕು ಅನ್ನಿಸಿತು. ಊರಿಂದ ತಂದದ್ದು ಇತ್ತು, ತೆಗೆದೇಬಿಟ್ಟೆ. ಬಟ್ಟಲನ್ನು ಕಾಲಲ್ಲಿ ಒತ್ತಿ ಹಿಡಿದು ಮುದ್ದೆ ತೊಳಸುವ ಹಾಗೆ ತೊಳಸಿದೆ. ನಮ್ಮವರು ಬಾಗಿಲಲ್ಲಿ ನಿಂತು ಫೋಟೋ ತೆಗೆದು ಇಡೀ ಕುಟುಂಬಕ್ಕೆ ಕಳಿಸಿದರು.

ಬೆಂದ ಮೊಚಿಯನ್ನು ತಟ್ಟೆಯಲ್ಲಿ ಹರಡಿದ ಕತಾಕುರಿಕೊ ಮೇಲೆ ಹಾಕಬೇಕು. ಹೆಸರು ಒಂದು ಕಾಡು ಗಿಡದ ಗಡ್ಡೆಯದು, ಈಗ ಪೊಟ್ಟಣದಲ್ಲಿ ಇರುವುದು ಆಲೂಗಡ್ಡೆಯ ಪಿಷ್ಟ. ಮೆಕ್ಕೆಜೋಳದ ಪಿಷ್ಟವೂ ನಡೆಯುತ್ತದೆ. ಪುಡಿಗೆ ಜಿಪುಣತನ ಮಾಡಿದರೆ ಕೈ, ತಟ್ಟೆ, ಬಳೆ ಎಲ್ಲ ಒಂದಾಗುತ್ತದೆ. ಬಳೆ ತೆಗೆದಿಟ್ಟು ಶುರು ಮಾಡುವುದು ಒಳ್ಳೆಯದು, ಇದನ್ನು ನಾನು ಎರಡನೇ ಸಲಕ್ಕೆ ಕಲಿತೆ. ಬಿಸಿ ಇರುವಾಗಲೇ ಎಂಟು ಭಾಗ ಮಾಡಬೇಕು. ಆರಿದರೆ ಅಂಚು ಕೂಡುವುದಿಲ್ಲ.

ಸ್ಟ್ರಾಬೆರಿ ತೊಳೆದು ತೊಟ್ಟು ತೆಗೆದು ಪೂರ್ತಿ ಒರೆಸಬೇಕು. ನೀರಿನ ಪಸೆ ಇದ್ದರೆ ಹೂರಣ ಜಾರುತ್ತದೆ. ಮಧ್ಯಮ ಗಾತ್ರದ ಹಣ್ಣಿಗೆ ಒಂದು ಸಣ್ಣ ನಿಂಬೆಕಾಯಿಯಷ್ಟು ಹೂರಣ ಸವರಿ, ತುದಿ ಮಾತ್ರ ಇಣುಕುವ ಹಾಗೆ ಬಿಡಬೇಕು. ಅಂಗೈ ಮೇಲೆ ಮೊಚಿಯನ್ನು ತಟ್ಟಿ, ನಡು ದಪ್ಪ, ಅಂಚು ತೆಳು ಮಾಡಿ, ಹಣ್ಣಿನ ತುದಿ ಕೆಳಮುಖವಾಗಿ ಇಟ್ಟು, ಅಂಚನ್ನು ಎಳೆದು ತಂದು ಮೇಲೆ ಚಿವುಟಿ ಕೂಡಿಸೋದು. ತಿರುಗಿಸಿ ಇಟ್ಟರೆ ಹೊಲಿಗೆ ಕೆಳಗೆ ಹೋಗುತ್ತದೆ. ಇದಕ್ಕೆ ಮಾತ್ರ ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಕಣಕದಲ್ಲಿ ಹೂರಣ ಇಟ್ಟು ಮುಚ್ಚುವುದನ್ನು ಎಂಟನೇ ವಯಸ್ಸಿಗೆ ಕಲಿತ ಕೈ ಅದು.

ಮೂರನೇ ಸಲ ಮಾಡಿದ್ದು ಸರಿಯಾಯಿತು. ಮಗಳು ಕಚ್ಚಿ ಎಳೆದಳು. ಮೊಚಿ ಹಿಗ್ಗಿತು, ಹಿಗ್ಗಿತು, ಗಲ್ಲದ ತನಕ ಬಂತು. ಏನೂ ಹೇಳದೆ ಇನ್ನೊಂದಕ್ಕೆ ಕೈ ಹಾಕಿದಳು.

ಆಮೇಲೆ ಒಂದು ಎಡವಟ್ಟಾಯಿತು. ಸಕ್ಕರೆ ಜಾಸ್ತಿ ಆಯಿತು ಅಂತ ನಮ್ಮವರ ಆಕ್ಷೇಪ. ಮುಂದಿನ ಸಲ ಮೊಚಿಗೆ 10 ಗ್ರಾಂ ಮಾತ್ರ ಹಾಕಿದೆ. ರಾತ್ರಿ ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಅವರು ಒಂದನ್ನು ತೆಗೆದು ಮೇಜಿನ ಮೇಲೆ ತಟ್ಟಿದರು. ಸದ್ದು ಬಂತು. “ಗೋಡೆಗೆ ಮೊಳೆ ಹೊಡೀಬಹುದು ಕಣೇ ಇದರಲ್ಲಿ,” ಅಂದರು. ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿದುಕೊಳ್ಳುತ್ತದೆ, ಫ್ರಿಜ್ಜಿನ ತಂಪಿನಲ್ಲಿ ಅದು ಇನ್ನೂ ಬೇಗ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ಅದನ್ನು ತಡೆಯುತ್ತದೆ. ಅಂದರೆ ಸಕ್ಕರೆ ಇಲ್ಲಿ ರುಚಿಗಷ್ಟೇ ಅಲ್ಲ. ಕಮ್ಮಿ ಸಿಹಿ ಬೇಕಾದರೆ ಹೂರಣದಲ್ಲಿ ಕಮ್ಮಿ ಮಾಡಿ, ಮೊಚಿಯಲ್ಲಿ ಬೇಡ. ಹಣ್ಣು ಇಟ್ಟದ್ದನ್ನಂತೂ ಅವತ್ತೇ ಮುಗಿಸಬೇಕು, ಮಾರನೇ ದಿನಕ್ಕೆ ರಸ ಬಿಟ್ಟು ಒಳಗೆಲ್ಲ ಕೊಳೆ ಮಣ್ಣಿನ ಹಾಗಾಗುತ್ತದೆ. ಹಣ್ಣಿಲ್ಲದ ದೈಫುಕುವನ್ನು ಫ್ರೀಜರ್‌ನಲ್ಲಿಟ್ಟರೆ ಚೆನ್ನಾಗಿರುತ್ತದೆ. ಹೊರಗಿಟ್ಟರೆ ಮತ್ತೆ ಮೆತ್ತಗಾಗುತ್ತದೆ.

ಬೆಂಗಳೂರಿನಲ್ಲಿರುವ ತಂಗಿ ಫೋಟೋ ನೋಡಿ ತಾನೂ ಮಾಡಿದಳು. ಥಾಯ್ ಅಂಟಕ್ಕಿ ಹಿಟ್ಟು ತರಿಸಿ, ಅಜುಕಿ ಸಿಗದೆ ಕೆಂಪು ಅಲಸಂದೆಯಲ್ಲಿ ಹೂರಣ ಮಾಡಿದ್ದಳು. ಅದು ನುಣ್ಣನೆಯ ಹಿಟ್ಟು, ನೀರು ಸ್ವಲ್ಪ ಕಡಿಮೆ ಸಾಕು ಅಂದಳು.

ಫೆಬ್ರವರಿಯಲ್ಲಿ ಆರು ದೈಫುಕು ಡಬ್ಬಿಗೆ ಹಾಕಿ ಕೆಳಗಿನ ಅಜ್ಜಿಗೆ ಕೊಟ್ಟೆ. ನಮ್ಮಲ್ಲಿ ಹೇಗೆ ಖಾಲಿ ಡಬ್ಬಿ ವಾಪಸು ಕೊಡುವುದಿಲ್ಲವೋ ಇಲ್ಲೂ ಹಾಗೇ. ಎರಡು ದಿನಕ್ಕೆ ಡಬ್ಬಿ ಬಂತು, ಒಳಗೆ ಕಿರಿಮೊಚಿ. ಒಣಗಿಸಿ ಚೌಕಾಕಾರಕ್ಕೆ ಕತ್ತರಿಸಿದ ಗಟ್ಟಿ ಮೊಚಿ ಅದು. ಟೋಸ್ಟರಿನಲ್ಲಿಟ್ಟರೆ ಪೂರಿಯ ಹಾಗೆ ಉಬ್ಬುತ್ತದೆ. ಸೋಯಾ ಸಾಸ್ ಸವರಿ ನೋರಿ, ಅಂದರೆ ಕಡಲ ಪಾಚಿಯ ಹಾಳೆ ಸುತ್ತಿ ತಿನ್ನಬೇಕಂತೆ. ನಾವು ತುಪ್ಪ, ಚಟ್ನಿಪುಡಿ ಹಾಕಿಕೊಂಡೆವು.

“ಏಲಕ್ಕಿ ಯಾವ ಮದ್ದು?” ಅಂತ ಅಜ್ಜಿ ಕೇಳಿದರು. ಚೆನ್ನಾಗಿತ್ತೋ ಇಲ್ಲವೋ ಹೇಳಲಿಲ್ಲ.

ಮಾರ್ಚಿನಲ್ಲಿ ಹಿಗಾನ್ ಬಂತು. ಹಗಲು ರಾತ್ರಿ ಸಮವಾಗುವ ದಿನವನ್ನು ನಡುವೆ ಇಟ್ಟುಕೊಂಡು ಏಳು ದಿನ, ಹಿರಿಯರನ್ನು ನೆನೆಯುವ ಕಾಲ. ಅಜ್ಜಿ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದರು, ಬೊತಾಮೊಚಿ ಮಾಡಲು. ಅಂಟಕ್ಕಿಯ ಅನ್ನವನ್ನು ಕುಕ್ಕರಿನಲ್ಲೇ ಮಾಡಿದ್ದರು. ಮರದ ಕೋಲು ನನ್ನ ಕೈಗೆ ಕೊಟ್ಟು, “ಹಂಗೊರೊಶಿ,” ಅಂದರು. ಅರ್ಥವಾಗದೆ ಫೋನಿಗೆ ಕೇಳಿಸಿದೆ. ‘ಅರ್ಧ ಕೊಲೆ’ ಅಂತ ತೋರಿಸಿತು. ನಾನು ಅಜ್ಜಿಯ ಮುಖ ನೋಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಗುಳು ಅರ್ಧ ಉಳಿಯುವ ಹಾಗೆ ಅರೆಯಬೇಕು ಅನ್ನುವುದಕ್ಕೆ ಇಲ್ಲಿನವರು ಹಾಗೆನ್ನುತ್ತಾರಂತೆ. ಪೂರ್ತಿ ಅರೆದು ಮೊಚಿ ಮಾಡಿದರೆ ‘ಮಿನಾಗೊರೊಶಿ’, ಎಲ್ಲರ ಕೊಲೆ. ಇದನ್ನೇ ವಸಂತದಲ್ಲಿ ಬೊತಾನ್ ಹೂವಿನ ಹೆಸರಲ್ಲಿ ಬೊತಾಮೊಚಿ ಅಂತಲೂ, ಶರತ್ಕಾಲದಲ್ಲಿ ಹಾಗಿ ಹೂವಿನ ಹೆಸರಲ್ಲಿ ಒಹಾಗಿ ಅಂತಲೂ ಕರೆಯುತ್ತಾರೆ.

ಇಲ್ಲಿ ಎಲ್ಲ ಉಲ್ಟಾ. ಅನ್ನದ ಉಂಡೆ ಒಳಗೆ, ಹೂರಣ ಹೊರಗೆ. ಒದ್ದೆ ಬಟ್ಟೆಯ ಮೇಲೆ ಹೂರಣ ತಟ್ಟಿ, ನಡುವೆ ಉಂಡೆಯಿಟ್ಟು ಬಟ್ಟೆಯ ಸಮೇತ ಹಿಸುಕಿದರು. ನನ್ನವು ವಕ್ರ, ಮಗಳವು ಇನ್ನೂ ವಕ್ರ. ಅಜ್ಜಿಯವು ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ.

ಮೊದಲ ಎರಡನ್ನು ಪುಟ್ಟ ತಟ್ಟೆಯಲ್ಲಿಟ್ಟು ಒಳಕೋಣೆಯ ಬುತ್ಸುದಾನ್, ಅಂದರೆ ಮನೆಯ ಬೌದ್ಧ ಪೂಜಾಪೀಠದ ಮುಂದೆ, ಗಂಡನ ಫೋಟೋದ ಹತ್ತಿರ ಇಟ್ಟು ಬಂದರು. ಗಂಟೆ ಸದ್ದು ಕೇಳಿಸಿತು. ನಮ್ಮಲ್ಲಿ ಎಡೆ ಇಟ್ಟು ಬರುವ ತನಕ ಮಕ್ಕಳು ಮುಟ್ಟುವ ಹಾಗಿಲ್ಲ ಅಂತ ಮಗಳಿಗೆ ಗೊತ್ತು, ಕೈ ಕಟ್ಟಿ ಕೂತಿದ್ದಳು.

ಅಜ್ಜಿ ಬಂದು ಮೂರು ತಟ್ಟೆ ಹಾಕಿದರು. ಮಗಳಿಗೆ ಒಂದು ಇಡೀದು, ಅವರಿಗೆ ಒಂದು ಇಡೀದು. ನನ್ನ ತಟ್ಟೆಯಲ್ಲಿ ಇದ್ದದ್ದನ್ನು ಚಾಕುವಿನಿಂದ ನಾಲ್ಕು ಚೂರು ಮಾಡಿ, ಪಕ್ಕಕ್ಕೆ ಒಂದು ಲೋಟ ಟೀ ಇಟ್ಟರು.